ಬೂದು ಚುಕ್ಕೆ, ಎಪ್ಪತ್ತೊಂಬತ್ತು ನಿಮಿಷ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಅಡುಗೆಮನೆಯ ಗೋಡೆಯ ಮೇಲೆ ಎರಡು ಹಸಿರು ಚುಕ್ಕೆಗಳು ಬೂದು ಬಣ್ಣಕ್ಕೆ ತಿರುಗಿದವು. ಶಿವಯೋಗಿ ಹೆಬಸೂರ ಆಗ ಒಂದು ಹೊಲಿಗೆ ಯಂತ್ರವನ್ನು ಮಗುಚಿ ಹಾಕಿಕೊಂಡು ಅದರ ಹೊಟ್ಟೆಗೆ ಎಣ್ಣೆ ಬಿಡುತ್ತಿದ್ದ. ಕತ್ತೆತ್ತಿ ನೋಡಿದ. ಚುಕ್ಕೆಗಳ ಕೆಳಗೆ ಹೆಂಡತಿ ಕಳಿಸಿದ ಸಂದೇಶವಿತ್ತು: 35. ಬೇರೆ ಒಂದಕ್ಷರ ಇರಲಿಲ್ಲ. ಅವನು ಮತ್ತೆ ಯಂತ್ರದ ಕಡೆ ಬಗ್ಗಿದ.

ಮೂವತ್ತೈದು ಎಂದರೆ ಮೂವತ್ತೈದು ನಿಮಿಷ. ಅಷ್ಟು ಹೊತ್ತು ಅವಳ ಎದೆಬಡಿತದ ಸುದ್ದಿ ಮನೆಗೆ ಬರುವುದಿಲ್ಲ ಎಂದು ಅರ್ಥ.

2064ರ ಹೊತ್ತಿಗೆ ಈ ದೇಶದಲ್ಲಿ ಹಾಗೆ ಸುದ್ದಿ ಬಾರದಿರುವುದೇ ವಿಚಿತ್ರವಾಗಿತ್ತು. ಹದಿನೈದು ವರ್ಷಗಳ ಹಿಂದೆ ಬಂದ ಕಾನೂನಿನಂತೆ ಪ್ರತಿಯೊಬ್ಬರ ಎಡ ಕೊರಳೆಲುಬಿನ ಕೆಳಗೆ ಅಕ್ಕಿಕಾಳಿನಷ್ಟು ದೊಡ್ಡದೊಂದು ಯಂತ್ರ ಕೂತಿರುತ್ತದೆ. ಜನ ಅದಕ್ಕೆ ಮಿಡಿ ಎನ್ನುತ್ತಾರೆ. ಎದೆಬಡಿತ, ರಕ್ತದ ಸಕ್ಕರೆ, ಉಸಿರು ಮೂರನ್ನೂ ಅದು ಮೂರು ಸೆಕೆಂಡಿಗೊಮ್ಮೆ ಪಿಸುಗುಟ್ಟುತ್ತದೆ. ಮನೆಯ ಫಲಕದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಹಸಿರು ಚುಕ್ಕೆ. ಪ್ರಾಣಕ್ಕೆ ಕುತ್ತು ಬಂದಾಗ ಮಿಡಿ ಪಿಸುಗುಟ್ಟುವುದನ್ನು ಬಿಟ್ಟು ಕೂಗುತ್ತದೆ. ಆ ಕೂಗು ನೇರವಾಗಿ ಉಪಗ್ರಹಕ್ಕೆ ಮುಟ್ಟಬೇಕು, ಆದ್ದರಿಂದ ಒಂದು ಕ್ಷಣ ಅದರ ರೇಡಿಯೊ ಶಕ್ತಿ ಸಾವಿರಾರು ಪಟ್ಟು ಏರುತ್ತದೆ. ಹೃದಯಾಘಾತದಲ್ಲಿ ಸಾಯುವವರ ಸಂಖ್ಯೆ ಇದರಿಂದ ಅರ್ಧಕ್ಕಿಂತ ಕಡಿಮೆಯಾಯಿತು. ಹುಬ್ಬಳ್ಳಿಯ ಕಡೆ ಜನ ಎದುರಾದಾಗ “ಮನ್ಯಾಗ ಎಲ್ಲಾ ಹಸಿರ?” ಎಂದು ಕೇಳುವುದು ರೂಢಿಯಾಯಿತು.

ಮಿಡಿಯನ್ನು ತೆಗೆಸುವಂತಿಲ್ಲ. ಅದರ ಮೇಲೆ ಒಂದು ಅಯಸ್ಕಾಂತದ ಬಿಲ್ಲೆ ಅಂಟಿಸಿದರೆ ಮಾತ್ರ ಮೌನವಾಗುತ್ತದೆ. ಕೆಲವು ಉದ್ಯೋಗದವರಿಗಷ್ಟೇ ಆ ಬಿಲ್ಲೆ ಸಿಗುತ್ತದೆ. ಆದರೆ ಮೌನ ಒಂದು ಗಂಟೆ ಮೀರಿದರೆ, ಹತ್ತಿರದ ಬಂಧುವಿನ ಫಲಕದಲ್ಲಿ ಕೆಂಪು ಗುಂಡಿಯೊಂದು ಹೊತ್ತಿಕೊಳ್ಳುತ್ತದೆ. ಬಂಧು ಅದರ ಮೇಲೆ ಬೆರಳಿಟ್ಟು ಬೆರಳಚ್ಚು ಹೊಂದಿದರೆ ಬಿಲ್ಲೆ ಇದ್ದರೂ ಮಿಡಿ ಎದ್ದು ಕೂಗುತ್ತದೆ. ಮಿಡಿ ಮಾತಾಡುವುದನ್ನು ನಿಲ್ಲಿಸಬಹುದು, ಕೇಳುವುದನ್ನು ನಿಲ್ಲಿಸುವುದಿಲ್ಲ. ಬಂಧುವಿನ ಈ ಹಕ್ಕನ್ನು ಯಾವ ಕಂಪನಿಯೂ ಕಸಿಯುವಂತಿಲ್ಲ ಎಂದು ಕಾನೂನು ಹೇಳುತ್ತದೆ.

ಐದು ವರ್ಷಗಳ ಹಿಂದೆ ಪೂರ್ವ ಕರಾವಳಿಯ ಒಂದು ತೈಲಬಾವಿಯಲ್ಲಿ, ಅರವತ್ತೆರಡನೆಯ ನಿಮಿಷಕ್ಕೆ ಒಬ್ಬ ತಾಯಿ ಆ ಗುಂಡಿ ಒತ್ತಿದಳು. ಅವಳ ಮಗ ಆಗ ಡಿಟೋನೇಟರ್ ಜೋಡಿಸುತ್ತಿದ್ದ. ಇಬ್ಬರು ಸತ್ತರು.

ಆಮೇಲೆ ತೈಲಬಾವಿಗಳಲ್ಲಿ ದುಡಿಯುವವರ ಮನೆಗಳು ತಾವೇ ಒಂದು ಪದ್ಧತಿ ಮಾಡಿಕೊಂಡವು. ಅದನ್ನು ಕಂಪನಿ ಹೇಳಿಕೊಟ್ಟದ್ದಲ್ಲ. ತನ್ನವರ ಗುಂಡಿಯನ್ನು ತಾನು ಇಟ್ಟುಕೊಳ್ಳಬಾರದು, ಜೊತೆ ಕೆಲಸದವರ ಮನೆಗೆ ಕೊಡಬೇಕು, ಅವರದನ್ನು ತಾನು ತೆಗೆದುಕೊಳ್ಳಬೇಕು. ಹಾಗಾಗಿ ಶಿವಯೋಗಿಯ ಗೋಡೆಯ ಮೇಲೆ ಹೆಂಡತಿಯದೂ ಅವಳ ಸಹಾಯಕ ದಸ್ತಗೀರ ನದಾಫನದೂ ಎಂದು ಚುಕ್ಕೆ ಎರಡಿದ್ದರೂ, ಅವನಿಗೆ ಒತ್ತಲು ಬರುತ್ತಿದ್ದುದು ದಸ್ತಗೀರನ ಗುಂಡಿ. ಶಿವಯೋಗಿಯ ಹೆಂಡತಿ ನೀಲಗಂಗಾಳ ಗುಂಡಿ ಗದಗಿನಲ್ಲಿ, ದಸ್ತಗೀರನ ಹೆಂಡತಿ ಖುರ್ಷಿದಾಳ ಮನೆಯಲ್ಲಿತ್ತು.

•

ಕಾರವಾರದಿಂದ ನೂರಾಹತ್ತು ಕಿಲೋಮೀಟರ್ ಪಶ್ಚಿಮಕ್ಕೆ, ಸಮುದ್ರದ ಮೇಲೆ ನಿಂತಿದ್ದ, ತೈಲಬಾವಿ ಕೊರೆಯುವ ರಿಗ್ಗಿನಲ್ಲಿ ಅಂದು ಬೆಳಗ್ಗೆ ಒಂಬತ್ತರ ನಂತರ ನೀಲಗಂಗಾ ಒಂದು ಗನ್ನು ಸಜ್ಜು ಮಾಡಿ ಬಾವಿಗೆ ಇಳಿಸಿದ್ದಳು.

ಇದು ಗುಂಡು ಹಾರಿಸುವ ಬಂದೂಕಲ್ಲ. ಮೂರು ಮೀಟರ್ ಉದ್ದದ ಉಕ್ಕಿನ ಕೊಳವೆ. ಅದರೊಳಗೆ ಮೂವತ್ತೊಂಬತ್ತು ಚಿಕ್ಕ ಬಟ್ಟಲುಗಳು, ಒಂದೊಂದರಲ್ಲಿ ಸುಮಾರು ಇಪ್ಪತ್ತು ಗ್ರಾಂ ಸ್ಫೋಟಕ. ಎಲ್ಲ ಬಟ್ಟಲುಗಳ ಬೆನ್ನಿಗೂ ತಾಗಿಕೊಂಡು ಸ್ಫೋಟದ ಬತ್ತಿಯೊಂದು ಹಾದು ಹೋಗುತ್ತದೆ. ಬತ್ತಿಯ ಮೇಲ್ತುದಿಗೆ ಪೆನ್ಸಿಲ್ ತುಂಡಿನಷ್ಟು ಡಿಟೋನೇಟರ್. ಬಾವಿ ಕೊರೆದು ಉಕ್ಕಿನ ಕೊಳವೆ ಇಳಿಸಿ ಸಿಮೆಂಟು ತುಂಬಿದ ಮೇಲೆ, ತೈಲವಿರುವ ಆಳದಲ್ಲಿ ಆ ಕೊಳವೆಗೆ ತೂತು ಬೀಳಬೇಕು. ಆ ತೂತು ಹಾಕುವುದು ಈ ಗನ್ನಿನ ಕೆಲಸ.

ಡಿಟೋನೇಟರಿನ ಎರಡು ವಾಯರುಗಳೇ ಅಪಾಯದ ಮೂಲ. ಹತ್ತಿರದಲ್ಲಿ ಜೋರಾದ ರೇಡಿಯೊ ಇದ್ದರೆ ಅವು ಏರಿಯಲ್ ಆಗಬಲ್ಲವು. ರೇಡಿಯೊಗೆ ಬಗ್ಗದ ಡಿಟೋನೇಟರುಗಳು ಇವೆ. ಆದರೆ ಈ ಬಾವಿಯ ತಳದಲ್ಲಿ ನೂರಾ ತೊಂಬತ್ತು ಡಿಗ್ರಿ ಬಿಸಿ, ಅದನ್ನು ತಾಳುತ್ತಿದ್ದುದು ಹಳೆಯ ಮಾದರಿಯದೊಂದೇ. ಆದ್ದರಿಂದ ಡಿಟೋನೇಟರ್ ಡೆಕ್ಕಿನ ಮೇಲಿರುವಷ್ಟು ಹೊತ್ತು, ಬಾವಿಯೊಳಗೆ ಎಪ್ಪತ್ತು ಮೀಟರ್ ಇಳಿಯುವ ತನಕ, ಇಡೀ ರಿಗ್ಗು ಮೌನ. ಫೋನುಗಳು ಪೆಟ್ಟಿಗೆಯಲ್ಲಿ, ಉಪಗ್ರಹದ ತಟ್ಟೆ ಬಂದ್, ಸುತ್ತಲಿನ ದೋಣಿಗಳಿಗೂ ನಿಷೇಧ. ಗನ್ನಿನ ಬಳಿ ಇರುವ ಇಬ್ಬರ ಕೊರಳೆಲುಬಿನ ಮೇಲೆ ಅಯಸ್ಕಾಂತದ ಬಿಲ್ಲೆ.

ಬಿಲ್ಲೆ ಅಂಟಿಸುವ ಮುನ್ನ ಮನೆಗಳಿಗೆ ಒಂದು ಅಂಕಿ ಹೋಗಬೇಕು. ಗನ್ನು ಇಳಿಸುವಾಗ 35. ಸಿಡಿದ ಗನ್ನು ಮೇಲೆ ಬರುವಾಗ 15. ಸಿಡಿಯದೆ ಬಂದರೆ 90. ಈ ಮೂರನೆಯದನ್ನು ನೀಲಗಂಗಾ ಆರು ವರ್ಷಗಳಲ್ಲಿ ಎರಡೇ ಸಲ ಬರೆದಿದ್ದಳು.

ಅಂದು ಹನ್ನೊಂದೂ ಇಪ್ಪತ್ತಕ್ಕೆ, ಮೂರು ಸಾವಿರದ ನೂರಾ ನಲವತ್ತು ಮೀಟರ್ ಆಳದಲ್ಲಿ, ಅವಳು ಕೊರಳಲ್ಲಿದ್ದ ಕೀಲಿಯನ್ನು ಫಲಕಕ್ಕೆ ಹಾಕಿ ತಿರುಗಿಸಿದಳು. ಕೇಬಲ್ ನಡುಗಲಿಲ್ಲ. ತೂಕದ ಮುಳ್ಳು ಅಲ್ಲಾಡಲಿಲ್ಲ. ಮತ್ತೊಮ್ಮೆ ತಿರುಗಿಸಿದಳು. ಏನೂ ಇಲ್ಲ.

“ಬತ್ತಿ ಹತ್ತಲಿಲ್ಲ ಕಾಣ್ತದೆ,” ಎಂದ ರಿಗ್ಗಿನ ಮುಖ್ಯಸ್ಥ ಗಾಂವಕರ. ಅಂಕೋಲೆಯವನು, ಯಾವ ಸುದ್ದಿಯನ್ನೂ ಹವಾಮಾನದ ವರದಿಯಂತೆ ಹೇಳುವವನು.

ಕೀಲಿ ತೆಗೆದು ಮತ್ತೆ ಕೊರಳಿಗೆ ಹಾಕಿಕೊಂಡಳು. ಅರ್ಧ ಗಂಟೆ ಕಾದರು. ನಿಧಾನವಾಗಿ ಮೇಲೆಳೆದರು. ಬಿಸಿಯಲ್ಲಿ ಬೆಂದ ಮದ್ದನ್ನು ಹಾಗೇ ಮುಟ್ಟಬಾರದು. ಡೆಕ್ಕಿನಿಂದ ನೂರಾ ಇಪ್ಪತ್ತು ಮೀಟರ್ ಕೆಳಗೆ ಎರಡು ಗಂಟೆ ತೂಗುಬಿಟ್ಟು ತಣಿಸಿದರು. ಆ ಎರಡು ಗಂಟೆಯಲ್ಲಿ ನೀಲಗಂಗಾ ಕಳಚುವ ಹಂತಗಳನ್ನು ಕಾಗದದ ಮೇಲೆ ಬರೆದು, ದಸ್ತಗೀರನಿಗೆ ಓದಿ ಹೇಳಿ, ಅವನಿಂದ ತಿರುಗಿ ಹೇಳಿಸಿಕೊಂಡಳು. ದಸ್ತಗೀರ ಗದಗಿನ ಕಲ್ಲುಗಣಿಗಳಲ್ಲಿ ಹನ್ನೊಂದು ವರ್ಷ ಮದ್ದು ಹಾಕಿದವನು. ಡಿಟೋನೇಟರಿಗೆ ಈಗಲೂ ಕೇಪು ಎಂದೇ ಅನ್ನುತ್ತಿದ್ದ.

“ಮೊದಲ ಬತ್ತಿಯಿಂದ ಕೇಪು ಬಿಡಸೂದು. ಉಕ್ಕಿನ ನಳಿಗಿಗೆ ಹಾಕೂದು. ಮುಚ್ಚಳ ತಿರುವೂದು. ಆಮ್ಯಾಲ ವಾಯರ್ ಕತ್ತರಸೂದು. ಬರೋಬ್ಬರಿ ಐತೇನ್ರಿ ಮೇಡಮ್ರ?”

“ವಾಯರ್ ಮೊದಲ ಕತ್ತರಿಸಿದ್ರ?”

“ನೀವು ಬೇರೆ ಹೆಲ್ಪರ್‌ನ ಹುಡುಕಬೇಕು.”

ನಕ್ಕಳು. ಮೂರೂ ಹತ್ತಕ್ಕೆ ಸಂದೇಶದ ಯಂತ್ರದ ಮುಂದೆ ನಿಂತು ಎರಡೂ ಮನೆಗಳಿಗೆ ಅಂಕಿ ಒತ್ತಿದಳು. ಫೋನನ್ನು ಪೆಟ್ಟಿಗೆಗೆ ಹಾಕಿದಳು. ಬಿಲ್ಲೆ ಅಂಟಿಸಿಕೊಂಡಳು. ಉಪಗ್ರಹದ ತಟ್ಟೆ ಆರಿತು.

•

ಮೂರೂ ಇಪ್ಪತ್ತಾರಕ್ಕೆ ಗನ್ನಿನ ತಲೆ ಡೆಕ್ಕಿನ ಮೇಲೆ ಮೊಣಕಾಲೆತ್ತರಕ್ಕೆ ಬಂದು ನಿಂತಿತು. ಮದ್ದಿರುವ ಭಾಗವನ್ನು ಬಾವಿಯ ಬಾಯೊಳಗೇ ಉಳಿಸಿದರು. ಬೇರೆ ಎಲ್ಲರೂ ಹಿಂದಿನ ಡೆಕ್ಕಿಗೆ ಹೋದರು. ಉಳಿದದ್ದು ಇಬ್ಬರು, ಹತ್ತಿಯ ಬಟ್ಟೆ ತೊಟ್ಟವರು, ಪಾದದ ಕೆಳಗೆ, ಮೈಯ ವಿದ್ಯುತ್ತು ಹರಿದುಹೋಗಲೆಂದು, ಸಮುದ್ರಕ್ಕೆ ತಂತಿ ಕಟ್ಟಿದ ತಾಮ್ರದ ತಗಡು. ಕಂಬದ ಮೇಲೆ ಚಾವಿ ಕೊಡುವ ಹಳೆಯ ಗಡಿಯಾರ.

ತಲೆಯ ತಿರುಪು ತಿರುಗಲಿಲ್ಲ. ಬಿಸಿಯಲ್ಲಿ ಒಣಗಿದ ಬಾವಿಯ ರಾಡಿ ಎಳೆಗಳಲ್ಲಿ ಸಿಮೆಂಟಿನಂತೆ ಕಚ್ಚಿಕೊಂಡಿತ್ತು. ಸುತ್ತಿಗೆ ಮುಟ್ಟುವಂತಿಲ್ಲ, ಬಿಸಿ ಮಾಡುವಂತಿಲ್ಲ, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಜಗ್ಗುವಂತಿಲ್ಲ. ಎಣ್ಣೆ ಬಿಟ್ಟು, ಹಿತ್ತಾಳೆಯ ಕಡ್ಡಿಯಲ್ಲಿ ಕೆರೆದು, ಕಾಯಬೇಕು. ಮತ್ತೆ ಎಣ್ಣೆ, ಮತ್ತೆ ಕೆರೆಯುವುದು. ಬರದಿದ್ದರೆ ಗನ್ನನ್ನು ಮರಳಿ ಕೆಳಗಿಳಿಸಿ ಮೌನ ಮುಗಿಸಬಹುದಿತ್ತು. ಆ ದಾರಿ ನಾಲ್ಕೂ ಎರಡರ ತನಕ ತೆರೆದಿತ್ತು.

ನಾಲ್ಕೂ ಎರಡಕ್ಕೆ ತಿರುಪು ಬಿಟ್ಟಿತು. ದಸ್ತಗೀರ ಆರು ಕಿಲೋ ತೂಕದ ತಲೆಯನ್ನು ಎರಡೂ ಕೈಯಲ್ಲಿ ಗೇಣಗಲ ಮೇಲೆತ್ತಿ ಹಿಡಿದ. ಅದರಿಂದ ಇಳಿದ ಎರಡು ವಾಯರುಗಳ ತುದಿಯಲ್ಲಿ ಡಿಟೋನೇಟರ್ ಇತ್ತು. ತಲೆಯನ್ನು ಕೆಳಗಿಡಲು ವಾಯರಿನ ಉದ್ದ ಸಾಲದು. ಕೈಬಿಟ್ಟರೆ ಆರು ಕಿಲೋ ಭಾರ ಆ ವಾಯರುಗಳ ಮೇಲೆ. ಇನ್ನು ಗನ್ನನ್ನು ಕೆಳಗಿಳಿಸುವ ಹಾಗೂ ಇಲ್ಲ, ಬಿಟ್ಟು ಹೋಗುವ ಹಾಗೂ ಇಲ್ಲ.

ಡಿಟೋನೇಟರನ್ನು ಬತ್ತಿಗೆ ಹಿಡಿದಿಟ್ಟ ಪ್ಲಾಸ್ಟಿಕ್ ತೋಳು ಬಿಸಿಗೆ ಕುಗ್ಗಿ ಬಿಗಿದುಕೊಂಡಿತ್ತು. ನೀಲಗಂಗಾ ಮೊಣಕಾಲೂರಿ, ಬೆರಳ ತುದಿಯಲ್ಲಿ ಅದನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸತೊಡಗಿದಳು. ಎಳೆಯಬಾರದು, ತಿರುಚಬಾರದು.

ಗಡಿಯಾರ ನಾಲ್ಕೂ ಎಂಟು ತೋರಿಸುತ್ತಿದ್ದಾಗ ದಸ್ತಗೀರ ಮಾತು ತೆಗೆದ. ಕೈ ಸೋತಾಗ ಅವನು ಮಾತಾಡುತ್ತಿದ್ದ. “ನಮ್ಮಾಕಿ ಈಗ ರೊಟ್ಟಿ ಹಿಟ್ಟು ನಾದಾಕ ಕುಂತಿರ್ತಾಳ. ತೊಂಬತ್ತು ನೋಡಿ ಹಿಟ್ಟಿನ ಮ್ಯಾಲ ಸಿಟ್ಟ ತೀರಿಸ್ಕೋತಿರ್ತಾಳ. ಇವತ್ತ ರೊಟ್ಟಿ ಮೆತ್ತಗ ಆಗ್ತಾವು.”

ನೀಲಗಂಗಾಳ ಬೆರಳು ನಿಂತಿತು.

“ದಸ್ತಗೀರಣ್ಣ.”

“ಹ್ಞೂಂರಿ.”

“ನಾ ತೊಂಬತ್ತು ಬರದಿಲ್ಲ.”

“ಮತ್ತೇನು ಬರದ್ರಿ?”

“ಮೂವತ್ತೈದು.”

ಇಬ್ಬರೂ ಗಡಿಯಾರ ನೋಡಿದರು. ಇನ್ನು ಒಂದೂವರೆ ನಿಮಿಷಕ್ಕೆ ಗಂಟೆ ತುಂಬುತ್ತದೆ. ಹುಬ್ಬಳ್ಳಿಯಲ್ಲಿ, ಗದಗಿನಲ್ಲಿ ಕೆಂಪು ಗುಂಡಿಗಳು ಹೊತ್ತಿಕೊಳ್ಳುತ್ತವೆ. ಮೂವತ್ತೈದಕ್ಕೆ ಕಾದು ಕೂತವರಿಗೆ ಅರವತ್ತು ಆಗಿರುತ್ತದೆ. ಅವರಿಗೆ ಹೇಳಬೇಕೆಂದರೆ ಉಪಗ್ರಹದ ತಟ್ಟೆ ಹಚ್ಚಬೇಕು. ಅದರ ಮುಂದೆ ಮಿಡಿಯ ಕೂಗು ಏನೂ ಅಲ್ಲ.

“ಕೈ ನಡುಗ್ತಾವೇನು?” ಕೇಳಿದಳು.

“ನನ್ನವಲ್ಲ.”

“ಮೈ ಹಿಂದಕ್ಕ ತಗೋ. ಕೈ ಚಾಚಿ ಹಿಡಿ. ಎಷ್ಟು ಆಗ್ತದೋ ಅಷ್ಟು.”

ಅವಳೂ ಹಾಗೇ ಮಾಡಿದಳು. ಎರಡೂ ತೋಳು ಪೂರ್ತಿ ನೀಡಿ, ಬೆನ್ನು ಹಿಂದಕ್ಕೆ ಬಾಗಿಸಿ, ಮುಖ ಓರೆ ಮಾಡಿದಳು. ಕೊರಳೆಲುಬಿಗೂ ಡಿಟೋನೇಟರಿಗೂ ಇದ್ದ ಒಂದು ಗೇಣಿನ ಅಂತರ ಮೂರು ಗೇಣಾಯಿತು. ದೂರ ಮೂರು ಪಟ್ಟಾದರೆ ತಟ್ಟುವ ಶಕ್ತಿ ಒಂಬತ್ತರಲ್ಲಿ ಒಂದು ಪಾಲು, ಇಷ್ಟು ಹತ್ತಿರದಲ್ಲಿ ಅದಕ್ಕಿಂತಲೂ ಕಡಿಮೆ. ಅಷ್ಟು ಸಾಕೇ ಎಂಬುದನ್ನು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಚಾಚಿದ ಕೈಗೆ ಬೆರಳ ಹಿಡಿತ ಅರ್ಧವಾಗುತ್ತದೆ ಎಂಬುದು ಮಾತ್ರ ಖಾತ್ರಿಯಿತ್ತು. ಎರಡು ನಿಮಿಷದ ಕೆಲಸ ಈಗ ಎಷ್ಟು ಹಿಡಿಯುತ್ತದೆ ಎಂದು ಅವಳು ಲೆಕ್ಕ ಹಾಕಲಿಲ್ಲ.

ಗಡಿಯಾರದ ಮುಳ್ಳು ನಾಲ್ಕೂ ಹತ್ತನ್ನು ದಾಟಿತು. ನಾಲ್ಕೂ ಹನ್ನೊಂದು.

•

“ಒಂದು ಗಂಟೆಯಾಯಿತು. ದಸ್ತಗೀರ ಅವರನ್ನು ಕರೆಯಬೇಕೆ?” ಎಂದು ಶಿವಯೋಗಿಯ ಅಡುಗೆಮನೆಯ ಫಲಕ ಕೇಳಿತು. ಕೇಳಿ ಸುಮ್ಮನಾಯಿತು. ಐದು ನಿಮಿಷಕ್ಕೊಮ್ಮೆ ಹೀಗೆ ಕೇಳುವಂತೆ ಅದನ್ನು ಮಾಡಿದ್ದಾರೆ.

ಮೂವತ್ತೈದಕ್ಕೆ ಅವನು ಒಮ್ಮೆ ನೋಡಿದ್ದ. ನಲವತ್ತೈದಕ್ಕೆ ಯಂತ್ರವನ್ನು ಬದಿಗೆ ಸರಿಸಿದ್ದ. ಐವತ್ತರ ನಂತರ ಗೋಡೆಯ ಮುಂದೆಯೇ ನಿಂತಿದ್ದ. ನಾಲ್ಕೂ ಹದಿಮೂರಕ್ಕೆ ಫೋನು ಬಂತು. ಪರದೆಯ ಮೇಲೆ ಖುರ್ಷಿದಾ, ಹಿಂದೆ ಅವಳ ಅಡುಗೆಮನೆ.

“ಅಣ್ಣಾರ, ನಿಮ್ಮ ಗ್ವಾಡಿ ಮ್ಯಾಲೂ ಬೂದಿನ ಐತೇನ್ರಿ?”

“ಬೂದಿನ ಐತಿ ತಂಗಿ.”

“ಮೂವತ್ತೈದ ಅಂದಿದ್ರು. ಅರವತ್ತಮೂರ ಆತು. ನಮ್ಮವ್ರದು ಒಂದ್ಸಲ ಒತ್ರಿ.”

“ಹಂಗ ಒತ್ತಾಕ ಬರೂದಿಲ್ಲ.”

“ಯಾಕ ಬರೂದಿಲ್ಲ? ಆ ಹಾಳಾದ್ದು ತಾನ ಕೇಳಾಕ ಹತ್ತೇತಿ ಕರೀಲೇನು ಅಂತ. ಹೋದ ತಿಂಗಳ ಬಚ್ಚಲದಾಗ ಸಕ್ಕರಿ ಇಳದು ಬಿದ್ದಾಗ ಮಿಡಿ ಒದರಿದ್ದಕ್ಕ ಉಳದ್ರು. ಈಗ ಬಿಲ್ಲಿ ಹಚಗೊಂಡ ಎಲ್ಲೆರ ಬಿದ್ದಿದ್ರ? ಯಾರಿಗೆ ಗೊತ್ತಾಕ್ಕೇತಿ?”

“ನೀಲಾ ಬಾಜೂಕ ಅದಾಳ. ರಿಗ್ಗಿನ್ಯಾಗ ಡಾಕ್ಟ್ರು ಅದಾರ. ಬಿದ್ರ ಕಣ್ಣಿಗೆ ಕಾಣ್ತಾನ.”

“ನಿಮಗ ಹೇಳೂದು ಹಗೂರ. ಬಿದ್ದಾವ ನಿಮ್ಮಾವಲ್ಲ.”

ಖುರ್ಷಿದಾ ಮುಂದುವರಿಸಿದಳು. ದನಿ ಸಣ್ಣದಾಗಿತ್ತು. “ನೀವು ಒತ್ತೂದಿಲ್ಲಂದ್ರ ಬಿಡ್ರಿ. ಅಕ್ಕಾರದು ನನ್ನ ಕಡೆ ಐತಿ. ನಾ ಕೈ ತೊಳ್ಕೊಂಡ ಬಂದು ಅದನ್ನ ಒತ್ತತೀನಿ. ಅಕ್ಕಾರ ಹಸಿರಾದ್ರ ಎಲ್ಲಾರೂ ಚಲೋ ಅದಾರಂತ ತಿಳೀತೈತಿ.”

ಬೇಡ ಎಂದು ಚೀರಿದರೆ ಅವಳು ಫೋನು ಇಡುತ್ತಾಳೆ. ಏನಾದರೂ ಹೇಳಬೇಕು, ಅದು ನಿಜವಾಗಿರಬೇಕು. ಅವನು ಗೋಡೆಯ ಮೇಲಿನ ಸಂದೇಶಗಳನ್ನು ನೋಡಿದ. ಬೆಳಗ್ಗೆ 9.10ಕ್ಕೆ 35. ಮಧ್ಯಾಹ್ನ 3.10ಕ್ಕೆ 35.

ಎರಡು ಮೂವತ್ತೈದು. ಒಂದೇ ದಿನ.

“ತಂಗಿ, ಒಂದು ಕೇಳ್ತೀನಿ. ಮುಂಜಾನೆ ಎಷ್ಟು ಬಂದಿತ್ತು?”

“ಮೂವತ್ತೈದ.”

“ಅದು ಇಳಸೂ ಮುಂದ. ಈ ಬಾವ್ಯಾಗ ದಿನಕ್ಕೊಂದ ಗನ್ನು. ಮುಂಜಾನೆ ಇಳಿಸಿದ್ದು ಮಧ್ಯಾಹ್ನ ಮ್ಯಾಲ ಬರಬೇಕು. ಬರೂ ಮುಂದ ಯಾವಾಗ್ಲೂ ಎಷ್ಟು ಬರೀತಾರ?”

ಖುರ್ಷಿದಾ ತಡೆದಳು. “ಹದಿನೈದ.”

“ಮತ್ತ ಈಗ ಮೂವತ್ತೈದ ಯಾಕ ಬಂತು? ನಾನೂ ಹಂಗ ಓದಿಬಿಟ್ಟೆ. ರೂಢಿ. ಬರದಾಕಿನೂ ರೂಢೀಲೇ ಬರದಾಳ. ಹದಿನೈದ ಬರಿಯೂದು ಮರತಿದ್ರ ಇಷ್ಟೊತ್ತಿಗೆ ಮುಗದು ಹಸಿರ ಆಗಿರ್ತಿತ್ತು. ಆಗಿಲ್ಲ. ಅಂದ್ರ ಇದು ಹದಿನೈದ ಅಲ್ಲ, ಮೂವತ್ತೈದೂ ಅಲ್ಲ.”

ಉಳಿದದ್ದು ತೊಂಬತ್ತು. ಖುರ್ಷಿದಾಗೂ ಅದು ಹೊಳೆಯಿತು.

“ನನ್ನ ಕಡೆ ಮಷಿನ್ ರಿಪೇರಿಗೆ ಬರ್ತಾರಲ್ಲ,” ಎಂದ ಶಿವಯೋಗಿ, “ಸೂಜಿ ಬೆರಳಿಗೆ ಚುಚ್ಚಿಸ್ಕೊಂಡವ್ರು ಹೊಸಬ್ರಲ್ಲ. ಇಪ್ಪತ್ತ ವರ್ಷ ಹೊಲದವ್ರು. ಕೈ ತಾನ ಹೊಲೀತೈತಿ, ಮನಸ್ಸು ಮುಂದಿನ ಕೆಲಸದ ಮ್ಯಾಲ ಇರ್ತೈತಿ. ನೀಲಾ ಅಂಕಿ ಒತ್ತೂ ಮುಂದ ಆಕಿ ಮನಸ್ಸು ಆ ಕೇಪಿನ ಮ್ಯಾಲ ಇತ್ತು.”

“ಖಾತ್ರಿ ಐತೇನ್ರಿ ನಿಮಗ?”

“ಇಲ್ಲ.”

ಗದಗಿನ ಫಲಕ ಹೆಣ್ಣುದನಿಯಲ್ಲಿ ಕೇಳಿತು: “ನೀಲಗಂಗಾ ಅವರನ್ನು ಕರೆಯಬೇಕೆ?” ಅದು ಮುಗಿಯುವಷ್ಟರಲ್ಲಿ ಹುಬ್ಬಳ್ಳಿಯದೂ ಕೇಳಿತು.

“ಖಾತ್ರಿ ಇಲ್ಲ ತಂಗಿ,” ಎಂದ ಮತ್ತೆ. “ನಾ ಹೇಳಿದ್ದು ಸುಳ್ಳಾಗಿ ದಸ್ತಗೀರ ಅಲ್ಲಿ ಬಿದ್ದಿದ್ರ ಆ ಪಾಪ ನನ್ನ ಮ್ಯಾಲ. ಖರೇ ಆಗಿದ್ರ ಈಗ ಆ ಕೇಪು ನೀಲಾನ ಕೈಯಾಗ ಐತಿ, ದಸ್ತಗೀರ ಆಕಿ ಬಾಜೂಕ ನಿಂತಾನ. ನಿನ್ನ ಕೈ ಈಗ ಎಲ್ಲಿ ಅದಾವು?”

ಪರದೆಯಲ್ಲಿ ಅವಳು ಕೈ ಎತ್ತಿ ತೋರಿಸಿದಳು. ಮಣಿಕಟ್ಟಿನ ತನಕ ಜೋಳದ ಹಿಟ್ಟು ಮೆತ್ತಿಕೊಂಡಿತ್ತು.

“ತೊಳೀಬ್ಯಾಡ. ಹಂಗ ಕೂಡು. ನನಗ ಕಾಣೂ ಹಂಗ ಇಡು.”

“ನಿಮ್ಮವೂ ತೋರಸ್ರಿ.”

ಅವನು ತೋರಿಸಿದ. ಯಂತ್ರದ ಕರಿ ಎಣ್ಣೆ ಬೆರಳ ಸಂದಿಯಲ್ಲೆಲ್ಲ ಇಳಿದಿತ್ತು. ಖುರ್ಷಿದಾ ಕಣ್ಣೀರನ್ನು ತೋಳಿನಿಂದ ಒರೆಸಿಕೊಂಡು, “ಥೂ, ಎಂಥ ಕೈರಿ ಅವು,” ಎಂದಳು.

ಹಾಗೇ ಕೂತರು. ಇಬ್ಬರು ದೊಡ್ಡವರು, ಎರಡು ಊರಲ್ಲಿ, ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿಕೊಂಡು. ಫಲಕಗಳು ಮತ್ತೊಮ್ಮೆ ಕೇಳಿದವು. ಹಿಟ್ಟು ಅವಳ ಕೈ ಮೇಲೆ ಒಣಗಿ ಬಿರುಕು ಬಿಡುವುದು ಶಿವಯೋಗಿಗೆ ಕಾಣುತ್ತಿತ್ತು.

•

ನಾಲ್ಕೂ ಇಪ್ಪತ್ತೊಂದಕ್ಕೆ ಪ್ಲಾಸ್ಟಿಕ್ ತೋಳು ಬತ್ತಿಯ ತುದಿಯಿಂದ ಕಳಚಿತು. ನೀಲಗಂಗಾ ಡಿಟೋನೇಟರನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಮೊದಲೇ ನಿಲ್ಲಿಸಿಟ್ಟಿದ್ದ ದಪ್ಪ ಉಕ್ಕಿನ ನಳಿಗೆಯ ಬಾಯಿಗೆ ತಂದಳು. ಚಾಚಿದ ತೋಳು ಈಗ ಅವಳದಾಗಿ ಉಳಿದಿರಲಿಲ್ಲ. ಮೊದಲ ಸಲ ಅಂಚಿಗೆ ತಾಗಿತು. ನಿಲ್ಲಿಸಿದಳು. ಉಸಿರು ಬಿಟ್ಟಳು.

“ಸಾವಕಾಶ,” ಎಂದ ದಸ್ತಗೀರ. ಅವನ ಹಣೆಯ ಬೆವರು ಕಣ್ಣಿಗಿಳಿಯುತ್ತಿತ್ತು; ಒರೆಸಿಕೊಳ್ಳಲು ಕೈ ಇರಲಿಲ್ಲ.

ಎರಡನೆಯ ಸಲ ಒಳಗಿಳಿಯಿತು. ಮುಚ್ಚಳವನ್ನು ವಾಯರುಗಳ ಸೀಳಿಗೆ ಹೊಂದಿಸಿ ತಿರುವಿದಳು. ನಾಲ್ಕೂ ಇಪ್ಪತ್ತನಾಲ್ಕು. ಇನ್ನು ಅದು ಸಿಡಿದರೂ ನಳಿಗೆಯೊಳಗೇ ಸಿಡಿದು ಸಾಯುತ್ತದೆ. ಆಮೇಲೆ ವಾಯರು ಕತ್ತರಿಸಿ, ತುದಿಗಳನ್ನು ಒಂದಕ್ಕೊಂದು ಹೊಸೆದಳು. ದಸ್ತಗೀರ ಗನ್ನಿನ ತಲೆಯನ್ನು ಡೆಕ್ಕಿನ ಮೇಲಿಟ್ಟು, ಹಾಗೇ ಅದರ ಪಕ್ಕದಲ್ಲಿ ಕುಳಿತುಬಿಟ್ಟ. ತಲೆಯೊಳಗೆ ಎರಡು ಚಮಚೆಯಷ್ಟು ಉಪ್ಪುನೀರು ಇತ್ತು. ಸೋರಿದ ಒಂದು ರಬ್ಬರ್ ಉಂಗುರ. ಗನ್ನು ಸಿಡಿಯದ್ದಕ್ಕೆ ಕಾರಣ ಅಷ್ಟೇ.

ನಳಿಗೆ ದೂರದ ಪೆಟ್ಟಿಗೆ ಸೇರಿ, ಗಾಂವಕರ ಬಂದು ನೋಡಿ, ಕಾಗದದ ಮೇಲೆ ಸಹಿ ಬಿದ್ದ ಮೇಲೆ ಇಬ್ಬರೂ ಬಿಲ್ಲೆ ಕಿತ್ತರು. ನಾಲ್ಕೂ ಇಪ್ಪತ್ತೊಂಬತ್ತು. ಒಟ್ಟು ಎಪ್ಪತ್ತೊಂಬತ್ತು ನಿಮಿಷ.

“ಯಾರೂ ಒತ್ತಲಿಲ್ಲವಲ್ಲ,” ಎಂದ ಗಾಂವಕರ. “ಒಳ್ಳೆ ಮನೆಗಳು.”

ಹುಬ್ಬಳ್ಳಿಯಲ್ಲಿ ಎರಡು ಚುಕ್ಕೆ ಹಸಿರಾದಾಗ ಶಿವಯೋಗಿ ಏನೋ ಹೇಳಬೇಕೆಂದು ಪರದೆ ನೋಡಿದ. ಖುರ್ಷಿದಾ ಆಗಲೇ ಎದ್ದು ಹೋಗಿದ್ದಳು. ನಲ್ಲಿಯ ನೀರಿನ ಸದ್ದು ಕೇಳಿಸುತ್ತಿತ್ತು.

•

ಅದಾದ ಹನ್ನೆರಡನೆಯ ದಿನ, ಪಾಳಿ ಮುಗಿದು ಇಳಿದ ಮೇಲೆ, ನೀಲಗಂಗಾ ಗಂಡನನ್ನು ಕರೆದುಕೊಂಡು ಗದಗಿಗೆ ಹೋದಳು. ಕೈಯಲ್ಲಿ ಘಟನೆಯ ವರದಿಯಿತ್ತು. ಅದರಲ್ಲಿ ಮೊದಲ ಕಾರಣವಾಗಿ ತನ್ನ ಹೆಸರು ಬರೆದಿದ್ದಳು: 90 ಎಂದು ಕಳಿಸುವಲ್ಲಿ 35 ಎಂದು ಕಳಿಸಿದೆ; ಅಂಕಿಯನ್ನು ಇನ್ನೊಬ್ಬರಿಂದ ಓದಿಸಲಿಲ್ಲ. ಹಂತಗಳನ್ನು ದಸ್ತಗೀರನ ಬಾಯಿಂದ ತಿರುಗಿ ಹೇಳಿಸಿದವಳು ಅದೊಂದನ್ನು ಹೇಳಿಸಿರಲಿಲ್ಲ. ಮನೆಗಳ ಕಡೆಯ ಸಂಗತಿ ಬರೆಯುವ ಪುಟ ಮಾತ್ರ ಖಾಲಿಯಿತ್ತು.

ಊಟವಾಯಿತು. ರೊಟ್ಟಿ ನಿಜಕ್ಕೂ ಮೆತ್ತಗಿದ್ದವು, ದಸ್ತಗೀರ ಎರಡು ಸಲ ಅದನ್ನೇ ಹೇಳಿ ಹೆಂಡತಿಯಿಂದ ಬೈಸಿಕೊಂಡ. ಕೈ ತೊಳೆಯಲು ಅಡುಗೆಮನೆಗೆ ಹೋದ ನೀಲಗಂಗಾ ಅಲ್ಲೇ ನಿಂತಳು. ಫಲಕದ ಮೇಲೆ, ತನ್ನ ಚುಕ್ಕೆಯ ಪಕ್ಕದ ಗುಂಡಿಯ ಜಾಗದಲ್ಲಿ, ಒಣಗಿದ ಜೋಳದ ಹಿಟ್ಟಿನ ಒಂದು ಗುರುತಿತ್ತು. ಬೆರಳಗಲ, ಬೆರಳುದ್ದ. ಅಡುಗೆಮನೆಯ ಉಳಿದ ಜಾಗವೆಲ್ಲ ಕನ್ನಡಿಯಂತೆ ಒರೆಸಿತ್ತು.

ಬೆನ್ನ ಹಿಂದೆ ಖುರ್ಷಿದಾ ಬಂದು ನಿಂತಿದ್ದಳು.

“ಅರವತ್ತೊಂದಕ್ಕ,” ಎಂದಳು. “ಅಣ್ಣಾರಿಗೆ ಫೋನ್ ಹಚ್ಚೂಕ ಮೊದಲ. ಎದ್ದು ಬಂದು ಒತ್ತಿಬಿಟ್ಟೆ. ಹಿಟ್ಟಿನ ಕೈ, ಅದಕ್ಕ ಬೆರಳಿನ ಗುರುತ ಸಿಗಲಿಲ್ಲ. ಮತ್ತ ಒತ್ತಿದೆ, ಆಗೂ ಸಿಗಲಿಲ್ಲ. ಅದಕ್ಕ ಫೋನ್ ಹಚ್ಚಿದ್ದು.”

ಹೊರಗಿನ ಕೋಣೆಯಲ್ಲಿ ಗಂಡಸರ ಮಾತು ನಿಂತಿತು. ದಸ್ತಗೀರನಿಗೆ ಇದು ಗೊತ್ತಿರಲಿಲ್ಲ ಎಂದು ಆ ಮೌನದಿಂದಲೇ ತಿಳಿಯುತ್ತಿತ್ತು.

ನಾಲ್ಕೂ ಹನ್ನೊಂದು. ತಾನು ತೋಳು ಚಾಚಿ, ಮುಖ ಓರೆ ಮಾಡಿಕೊಂಡಿದ್ದ ಹೊತ್ತು. ನೀಲಗಂಗಾ ತನ್ನ ಬಲಗೈಯ ತೋರುಬೆರಳನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿಕೊಂಡಳು.

“ಗುರುತ ಸಿಗದ ಒತ್ತಿದ್ದು ಫಲಕದಾಗ ದಾಖಲಾಗೂದಿಲ್ಲ,” ಎಂದಳು ಕೊನೆಗೆ. “ಯಾರಿಗೂ ಗೊತ್ತಿಲ್ಲ. ಬರದ್ರ ನಿಮ್ಮ ಕಡೆಯಿಂದ ಗುಂಡಿ ತಗೋತಾರ. ದಸ್ತಗೀರಣ್ಣನ್ನ ರಿಗ್ಗಿನಿಂದ ತಗದು ದಂಡಿ ಕೆಲಸಕ್ಕ ಹಾಕಬಹುದು. ಮೊದಲ ತಪ್ಪು ನಂದು. ಅಷ್ಟ ಸಾಕು ಅಂದ್ರೂ ಸಾಕ.”

ಖುರ್ಷಿದಾ ಫಲಕದ ಮೇಲಿನ ಗುರುತನ್ನು ನೋಡಿದಳು. ಹನ್ನೆರಡು ದಿನ ಒರೆಸದೆ ಬಿಟ್ಟದ್ದನ್ನು ಈಗಲೂ ಒರೆಸಲಿಲ್ಲ.

“ಬರೀರಿ ಅಕ್ಕಾರ,” ಎಂದಳು. “ಬರೀದಿದ್ರ ಮುಂದಿನಾಕಿ ಗುಂಡಿ ಮುಂದ ಕೈ ತೊಳ್ಕೊಂಡ ನಿಂತಿರ್ತಾಳ.”